ಉತ್ತರ ಸರಿ, ಆದರೆ 475 ಎಲ್ಲಿಂದ ಬಂತು? ಲೆಕ್ಕದ ಆ್ಯಪ್ ಜೊತೆ ನಾಲ್ಕು ತಿಂಗಳು

ಫೋಟೋ ತೆಗೆದರೆ ಲೆಕ್ಕ ಬಿಡಿಸಿ ಹಂತ ಹಂತವಾಗಿ ತೋರಿಸುವ ಆ್ಯಪ್‌ಗಳು ಈಗ ಬೇಕಾದಷ್ಟಿವೆ. ಅವುಗಳಲ್ಲಿ ಒಂದನ್ನು ನಾಲ್ಕು ತಿಂಗಳಿಂದ ಮನೆಯಲ್ಲಿ ಬಳಸುತ್ತಿದ್ದೇವೆ. ಹೆಸರು ಹೇಳಲ್ಲ. ಕೆಳಗೆ ಹೊಗಳಿಕೆಗಿಂತ ಬೈಗುಳವೇ ಜಾಸ್ತಿ ಇದೆ, ಅದೂ ಅಲ್ಲದೆ ಈ ಜಾತಿಯ ಆ್ಯಪ್‌ಗಳೆಲ್ಲ ಹೆಚ್ಚು ಕಡಿಮೆ ಒಂದೇ ಥರ. ನನ್ನ ಮಗಳು ಐದನೇ ಕ್ಲಾಸು, ಅಣ್ಣನ ಮಗ ಏಳನೇ ಕ್ಲಾಸು. ಸಂಜೆ ಇಬ್ಬರೂ ಒಂದೇ ಮೇಜಿಗೆ ಕೂರುತ್ತಾರೆ, ಮಧ್ಯದಲ್ಲಿ ನಾನು. ನಾನೇನು ಲೆಕ್ಕದಲ್ಲಿ ಪಂಡಿತ ಅಲ್ಲ. ಸ್ಕೂಲ್ ಲೆಕ್ಕ ಮಾಡಬಲ್ಲೆ, ಆದರೆ ಮಕ್ಕಳು 'ಯಾಕೆ' ಅಂತ ಕೇಳಿದರೆ ತಡವರಿಸುತ್ತೇನೆ. ಆ್ಯಪ್ ಹಾಕಿಸಿಕೊಂಡದ್ದೇ ಅದಕ್ಕೆ.

ಮೊದಲ ವಾರ ಎಲ್ಲರಿಗೂ ಖುಷಿಯೋ ಖುಷಿ. ಪುಸ್ತಕದ ಮೇಲೆ ಮೊಬೈಲ್ ಹಿಡಿದರೆ ಸಾಕು, ಉತ್ತರ ಬರುತ್ತದೆ, ಕೆಳಗೆ ಬಾಣದ ಗುರುತು ಒತ್ತಿದರೆ ಒಂದೊಂದೇ ಹಂತ ಬಿಚ್ಚಿಕೊಳ್ಳುತ್ತದೆ. ಎರಡನೇ ವಾರದಲ್ಲಿ ನನಗೆ ಅನುಮಾನ ಶುರುವಾಯಿತು. ಮನೆಕೆಲಸ ಎಲ್ಲ ಸರಿ, ಕ್ಲಾಸಿನ ಟೆಸ್ಟಿನಲ್ಲಿ ಮಾತ್ರ ಹಳೇ ಕಥೆ.

ಮಗಳ ಟೆಸ್ಟ್ ಪೇಪರಿನಲ್ಲಿ ಕಂಡ ಒಂದು ಲೆಕ್ಕ ಹೇಳುತ್ತೇನೆ. 503ರಿಂದ 178 ಕಳೆಯಬೇಕು. ಅವಳು ಬರೆದ ಉತ್ತರ 475. ಕೆಂಪು ಶಾಯಿಯಲ್ಲಿ ಅಡ್ಡಗೆರೆ. ಮನೆಗೆ ಬಂದ ಮೇಲೆ ಅದೇ ಲೆಕ್ಕವನ್ನು ಆ್ಯಪ್‌ಗೆ ತೋರಿಸಿದೆವು. ಅದು ಚೆನ್ನಾಗಿಯೇ ತೋರಿಸಿತು ಅನ್ನಬೇಕು. 3ರಲ್ಲಿ 8 ಹೋಗಲ್ಲ. ಸಾಲಕ್ಕೆ ಪಕ್ಕದ ಹತ್ತರ ಸ್ಥಾನಕ್ಕೆ ಹೋದರೆ ಅಲ್ಲಿ 0, ಅಂದರೆ ಅವನೇ ಬರಿಗೈ. ಆಗ ನೂರರ ಸ್ಥಾನದ 5ರಿಂದ ಒಂದು ತೆಗೆದು ಅದನ್ನು 4 ಮಾಡು, ಬರಿಗೈಯವನ ಹತ್ತಿರ ಈಗ 10 ಆಯಿತು, ಅವನಿಂದ ಒಂದು ತೆಗೆದು 9 ಮಾಡು, ಬಿಡಿ ಸ್ಥಾನದಲ್ಲಿ 13 ಆಯಿತು. 13ರಲ್ಲಿ 8 ಹೋದರೆ 5, 9ರಲ್ಲಿ 7 ಹೋದರೆ 2, 4ರಲ್ಲಿ 1 ಹೋದರೆ 3. ಉತ್ತರ 325. ಅಂಕಿಗಳ ಮೇಲೆ ಗೆರೆ ಎಳೆದು ಹೊಸ ಅಂಕಿ ಹಾರಿ ಬರುವ ಚಿತ್ರ ಕೂಡ ಇತ್ತು. ಮಗಳು ನೋಡಿದಳು, 'ಹೂಂ, ಗೊತ್ತಾಯ್ತು' ಅಂದಳು.

ಮರುದಿನ 604ರಿಂದ 238 ಕಳಿ ಅಂದೆ. 434 ಬರೆದಳು.

ಆಗ ಮೊಬೈಲ್ ಪಕ್ಕಕ್ಕಿಟ್ಟು ಅವಳ ಪೆನ್ಸಿಲನ್ನೇ ನೋಡುತ್ತಾ ಕೂತೆ. '4ಕ್ಕೂ 8ಕ್ಕೂ ಎಷ್ಟು ವ್ಯತ್ಯಾಸ? 4. 0ಗೂ 3ಗೂ? 3. 6ಕ್ಕೂ 2ಕ್ಕೂ? 4.' ಅಷ್ಟೇ! ಯಾವುದು ಮೇಲಿದೆ ಯಾವುದು ಕೆಳಗಿದೆ ಅನ್ನುವುದೇ ಅವಳಿಗೆ ಲೆಕ್ಕಕ್ಕಿಲ್ಲ, ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಿದ್ದಾಳೆ. 503 ಲೆಕ್ಕದಲ್ಲಿ 475 ಬಂದದ್ದೂ ಹೀಗೇ: 5, 7, 4. ಅವಳ ಪ್ರಕಾರ ಸಾಲದ ಪ್ರಶ್ನೆಯೇ ಏಳುವುದಿಲ್ಲ, ಆಮೇಲೆ ಸಾಲ ತೆಗೆಯುವುದು ಹೇಗೆ ಅಂತ ಎಷ್ಟು ಚಂದದ ಚಿತ್ರ ತೋರಿಸಿದರೂ ಅವಳಿಗೇನು ಪ್ರಯೋಜನ?

ಇದು ನನ್ನ ಮಗಳೊಬ್ಬಳ ಕಥೆ ಅಲ್ಲ. 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಅನ್ನುವ ಇಬ್ಬರು ಸಂಶೋಧಕರು ಮಕ್ಕಳ ಇಂಥ ತಪ್ಪುಗಳನ್ನೇ ಹಿಡಿದು ಒಂದು ಪ್ರಬಂಧ ಬರೆದಿದ್ದರು. ಅವರು ಹೇಳಿದ್ದು ಇಷ್ಟು: ಮಗು ಬಹಳ ಸಲ ಮನಸ್ಸಿಗೆ ಬಂದ ಹಾಗೆ ತಪ್ಪು ಮಾಡುವುದಿಲ್ಲ, ಒಂದು ತಪ್ಪು ನಿಯಮವನ್ನು ಹಿಡಿದುಕೊಂಡು ಅದನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಬಗ್ ಇರುತ್ತದಲ್ಲ, ಹಾಗೆ. ದೊಡ್ಡದರಿಂದ ಚಿಕ್ಕದನ್ನು ಕಳೆಯುವ ಈ ಬಗ್ ಅವರ ಪಟ್ಟಿಯಲ್ಲೂ ಇದೆ. ಅಂದರೆ ಈ ವಿಷಯ ಗೊತ್ತಾಗಿ ನಾಲ್ಕು ದಶಕ ದಾಟಿದೆ, ಆದರೂ ನಾನು ಹಾಕಿಸಿಕೊಂಡ ಆ್ಯಪ್‌ನಲ್ಲಿ ಮಗು ಬರೆದ ತಪ್ಪು ಉತ್ತರ ಹಾಕಿ 'ಇದು ಎಲ್ಲಿ ಕೆಟ್ಟಿತು' ಅಂತ ಕೇಳುವ ಜಾಗವೇ ಇಲ್ಲ. ಲೆಕ್ಕ ಕೊಡು, ಉತ್ತರ ತಗೋ. ನನ್ನ ಮುಖ್ಯ ತಕರಾರು ಇದೇ, ಉಳಿದದ್ದೆಲ್ಲ ಇದರ ಮರಿಗಳು.

ಭಿನ್ನರಾಶಿಗೆ ಬಂದಾಗಲೂ ಅದೇ ಆಯಿತು. 2/3 + 1/4. ಮಗಳು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿ 3/7 ಅಂದಳು. ಆ್ಯಪ್ ಹೇಳಿದ್ದು: ಛೇದಗಳ ಲ.ಸಾ.ಅ. (ಎರಡೂ ಛೇದಗಳಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 12, ಆದ್ದರಿಂದ 8/12 + 3/12 = 11/12. ಸರಿಯಾಗಿಯೇ ಇದೆ. ಆದರೆ ಲ.ಸಾ.ಅ. ಯಾಕೆ ಬೇಕು ಅನ್ನುವುದಕ್ಕೆ ಒಂದು ಮಾತಿಲ್ಲ. 'ಯಾಕೆ' ಅನ್ನುವ ಗುಂಡಿ ಇದೆ, ಅದಕ್ಕೆ ಬೀಗ ಹಾಕಿದ್ದಾರೆ, ದುಡ್ಡು ಕೊಟ್ಟರೆ ತೆಗೆಯುತ್ತದೆ. ಕೊಟ್ಟೆ. ತೆಗೆದರೆ ಒಳಗಿದ್ದದ್ದು ಏನು ಗೊತ್ತಾ? 'ಛೇದಗಳು ಬೇರೆ ಬೇರೆ ಇದ್ದಾಗ ಅವುಗಳನ್ನು ಸಮ ಮಾಡಬೇಕು.' ಅಯ್ಯೋ, ಅದನ್ನೇ ಅಲ್ವಾ ನಾವು ಯಾಕೆ ಅಂತ ಕೇಳಿದ್ದು!

ಕೊನೆಗೆ ಚೌಕಳಿ ಹಾಳೆಯಿಂದ 12 ಚೌಕ ಉದ್ದದ ಒಂದು ಪಟ್ಟಿ ಕತ್ತರಿಸಿದೆ. ಇದರ ಮೂರನೇ ಎರಡು ಭಾಗ ಬಣ್ಣ ಹಚ್ಚು ಅಂದೆ, 8 ಚೌಕ ಹಚ್ಚಿದಳು. ಕಾಲು ಭಾಗ ಇನ್ನೊಂದು ಬಣ್ಣ, 3 ಚೌಕ. ಪಟ್ಟಿಯಲ್ಲಿ ಒಂದೇ ಒಂದು ಚೌಕ ಬಿಳಿ ಉಳಿಯಿತು. ಆಮೇಲೆ ಸುಮ್ನೆ ಒಂದು ಪ್ರಶ್ನೆ ಹಾಕಿದೆ: 'ನಿನ್ನ 3/7 ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ?' ಕಡಿಮೆ ಅಂದಳು. '2/3?' ಅರ್ಧಕ್ಕಿಂತ ಜಾಸ್ತಿ. 'ಹಾಗಾದರೆ ಅದಕ್ಕೆ ಇನ್ನಷ್ಟು ಕೂಡಿದ ಮೇಲೆ ಅದು ಅರ್ಧಕ್ಕಿಂತ ಕಮ್ಮಿ ಹೇಗಾಯ್ತು?' ಅವಳು ನಕ್ಕಳು. ಆ ನಗು ಬಂದ ಮೇಲೆ ಆ ತಪ್ಪು ಮತ್ತೆ ಬಂದಿಲ್ಲ.

ಈ ಅಂದಾಜು ಅನ್ನುವುದು ಆ್ಯಪ್‌ನಲ್ಲಿ ಎಲ್ಲೂ ಇಲ್ಲ. ಒಂದು ಹಂತದಲ್ಲೂ 'ಉತ್ತರ ಸುಮಾರು ಎಷ್ಟಿರಬಹುದು' ಅಂತ ಕೇಳುವುದಿಲ್ಲ. 612 ಭಾಗಿಸು 6 ಅಂದರೆ ಎಷ್ಟೋ ಮಕ್ಕಳು 12 ಬರೆಯುತ್ತಾರೆ, ಮಧ್ಯದ ಸೊನ್ನೆ ನುಂಗಿಬಿಡುತ್ತಾರೆ. 1ರಲ್ಲಿ 6 ಹೋಗಲ್ಲ, ಹೋಗಲ್ಲ ಅಂದರೆ ಅಲ್ಲಿ 0 ಬರೆಯಬೇಕು ಅನ್ನುವುದು ಮರೆತುಹೋಗುತ್ತದೆ. ಭಾಗಾಕಾರ ಶುರು ಮಾಡುವ ಮೊದಲೇ 'ಆರು ನೂರಲ್ಲಿ ಆರು ಎಷ್ಟು ಸಲ' ಅಂತ ಬಾಯಿಲೆಕ್ಕ ಮಾಡಿದ್ದರೆ ಉತ್ತರ ನೂರರ ಆಸುಪಾಸು ಅಂತ ಗೊತ್ತಿರುತ್ತಿತ್ತು, 12 ನೋಡಿದ ಕೂಡಲೇ ಮಗುವೇ ಹಿಡಿಯುತ್ತಿತ್ತು.

ಈಗ ಹೊಗಳಿಕೆ. ಸಮೀಕರಣಗಳಲ್ಲಿ ಈ ಆ್ಯಪ್ ನನಗಿಂತ ಚೆನ್ನಾಗಿ ಕಲಿಸುತ್ತದೆ, ಒಪ್ಪಿಕೊಳ್ಳುತ್ತೇನೆ.

ನಾವೆಲ್ಲ ಕಲಿತದ್ದು ಪಕ್ಷಾಂತರ. 3ಎಕ್ಸ್ + 7 = 22 ಇದ್ದರೆ 7 ಆಚೆ ಪಕ್ಷಕ್ಕೆ ಹೋಗುತ್ತದೆ, ಹೋದಾಗ ಚಿಹ್ನೆ ಬದಲಾಗುತ್ತದೆ. ಪಕ್ಷ ಬಿಟ್ಟವರ ಚಿಹ್ನೆ ಬದಲಾಗುವುದು ಸಹಜ ತಾನೇ, ಹಾಗಾಗಿ ಈ ನಿಯಮ ಯಾರಿಗೂ ಮರೆಯುವುದಿಲ್ಲ. ತೊಂದರೆ ಅಲ್ಲೇ ಇರುವುದು. ಅಣ್ಣನ ಮಗ 3ಎಕ್ಸ್ = 15 ತನಕ ಸರಿಯಾಗಿ ಬಂದ. ಆಮೇಲೆ 3ನ್ನೂ ಆಚೆ ಕಳಿಸಿ, ಚಿಹ್ನೆ ಬದಲಿಸಿ, ಎಕ್ಸ್ = 15 − 3 = 12 ಅಂತ ಬರೆದು ಕೆಳಗೆ ಎರಡು ಗೆರೆ ಎಳೆದ. ಎಷ್ಟು ಆತ್ಮವಿಶ್ವಾಸ ಅಂತೀರಿ! 'ಹಾಕಿ ನೋಡು' ಅಂದೆ. 3 ಸಲ 12 ಅಂದರೆ 36, ಅದಕ್ಕೆ 7 ಸೇರಿಸಿದರೆ 43. 22 ಬರಬೇಕಿತ್ತು.

ಆ್ಯಪ್‌ನಲ್ಲಿ ಪಕ್ಷಾಂತರ ಅನ್ನುವ ಮಾತೇ ಇಲ್ಲ. ಎರಡೂ ಕಡೆಯಿಂದ 7 ಕಳಿ, ಎರಡೂ ಕಡೆ 3ರಿಂದ ಭಾಗಿಸು, ಎಕ್ಸ್ = 5. ಪ್ರತಿ ಸಲವೂ ಎರಡೂ ಕಡೆ, ಎರಡೂ ಕಡೆ ಅಂತ ಹೇಳುತ್ತದೆ. ಮೊದಲು ಇದೇನು ಉದ್ದ ದಾರಿ ಅನ್ನಿಸಿತ್ತು. ಆದರೆ ಹುಡುಗ ಒಂದು ವಾರ ಹೀಗೆ ಬರೆದ ಮೇಲೆ 3 ಯಾಕೆ ಕಳೆಯುವುದಿಲ್ಲ, ಯಾಕೆ ಭಾಗಿಸುತ್ತದೆ ಅನ್ನುವುದು ತಾನೇ ಹೇಳಿದ: 'ಚಿಕ್ಕಪ್ಪ, 3 ಎಕ್ಸ್‌ಗೆ ಗುಣಾಕಾರದಲ್ಲಿ ಅಂಟಿಕೊಂಡಿದೆ, ಕಳೆದರೆ ಬಿಡಲ್ಲ.' ಅವನ ಮಾತು ನನ್ನ ವಿವರಣೆಗಿಂತ ಚೆನ್ನಾಗಿದೆ.

ಸಮಚಿಹ್ನೆಯ ವಿಷಯದಲ್ಲೂ ಆ್ಯಪ್ ಕಟ್ಟುನಿಟ್ಟು. ಮಗಳಿಗೆ 4 × 6 + 5 ಕೊಟ್ಟರೆ 4 × 6 = 24 + 5 = 29 ಅಂತ ಒಂದೇ ಉಸಿರಿಗೆ ಬರೆಯುತ್ತಾಳೆ. ನಾನೂ ಹಾಗೇ ಬರೆಯುತ್ತಿದ್ದೆ, ನೀವೂ ಬರೆದಿರುತ್ತೀರಿ. ಅದನ್ನು ಫೋಟೋ ತೆಗೆದರೆ ಆ್ಯಪ್ 'ಈ ಹೇಳಿಕೆ ಸುಳ್ಳು' ಅಂದುಬಿಟ್ಟಿತು. ಮಗಳಿಗೆ ಸಿಟ್ಟು, ಉತ್ತರ ಸರಿ ಇದೆಯಲ್ಲ ಅಂತ. ಉತ್ತರ ಸರಿ, ಆದರೆ 4 × 6 ಅನ್ನುವುದು 24 + 5ಕ್ಕೆ ಸಮ ಅಲ್ಲವಲ್ಲ. ಅವಳ ಪ್ರಕಾರ ಸಮಚಿಹ್ನೆ ಅಂದರೆ 'ಆಮೇಲೆ ಉತ್ತರ ಬರಿ'. ಈ ಚಿಹ್ನೆಯನ್ನು ಮೊದಲು ಅಚ್ಚಿನಲ್ಲಿ ತಂದದ್ದು ರಾಬರ್ಟ್ ರೆಕಾರ್ಡ್, 1557ರಲ್ಲಿ. ಎರಡು ಸಮಾನಾಂತರ ಗೆರೆಗಿಂತ ಹೆಚ್ಚು ಸಮವಾದದ್ದು ಇನ್ಯಾವುದೂ ಇಲ್ಲ ಅಂತ ಅವನ ವಾದ. ಈ ಕಥೆ ಹೇಳಿದ ಮೇಲೆ ಮಗಳು ಎರಡು ಗೆರೆಯನ್ನೂ ಸ್ಕೇಲ್ ಇಟ್ಟು ಎಳೆಯಲು ಶುರು ಮಾಡಿದಳು, ಅದು ಬೇರೆ ಕಾಟ. ಆದರೆ ಒಂದು ಸಾಲಿಗೆ ಒಂದೇ ಸಮಚಿಹ್ನೆ ಅನ್ನುವ ಅಭ್ಯಾಸ ಬಂತು. ಸಮೀಕರಣ ಶುರುವಾದಾಗ ಅವಳಿಗೆ ಇದು ಉಪಯೋಗಕ್ಕೆ ಬರುತ್ತದೆ ಅಂತ ನನ್ನ ನಂಬಿಕೆ.

ಬೋಡ್‌ಮಾಸ್ ವಿಷಯದಲ್ಲಿ, ಅಂದರೆ ಲೆಕ್ಕದಲ್ಲಿ ಯಾವುದನ್ನು ಮೊದಲು ಮಾಡಬೇಕು ಅಂತ ನೆನಪಿಡಲು ಇಂಗ್ಲಿಷ್ ಮೊದಲಕ್ಷರಗಳಿಂದ ಕಟ್ಟಿದ ಸೂತ್ರದ ವಿಷಯದಲ್ಲಿ, ಸೋತದ್ದು ನಾನು. 24 − 6 + 2 ಎಷ್ಟು? ಬೋಡ್‌ಮಾಸ್‌ನಲ್ಲಿ ಕೂಡುವುದು ಮೊದಲು, ಕಳೆಯುವುದು ಆಮೇಲೆ, ಹಾಗಾಗಿ 6ಕ್ಕೆ 2 ಕೂಡಿ 8, 24ರಲ್ಲಿ 8 ಹೋದರೆ 16 ಅಂತ ಮಕ್ಕಳ ಮುಂದೆ ಗಟ್ಟಿಯಾಗಿ ಹೇಳಿಬಿಟ್ಟೆ. ಆ್ಯಪ್ 20 ಅಂದಿತು. ಆ್ಯಪ್ ಕೆಟ್ಟಿದೆ ಅಂತಲೂ ಹೇಳಿದೆ, ನಾಚಿಕೆಗೇಡು. ಕೂಡುವುದು ಕಳೆಯುವುದು ಎರಡೂ ಒಂದೇ ಅಂತಸ್ತು, ಎಡದಿಂದ ಬಲಕ್ಕೆ ಸಿಕ್ಕಿದ ಹಾಗೆ ಮಾಡಬೇಕು. ಗುಣಿಸುವುದು ಭಾಗಿಸುವುದು ಕೂಡ ಹಾಗೇ. 8 ÷ 2 × 4 ಅಂದರೆ 16, 1 ಅಲ್ಲ. ಕೆಲವು ದೇಶಗಳಲ್ಲಿ ಬೋಡ್‌ಮಾಸ್ ಬದಲು ಪೆಮ್‌ಡಾಸ್ ಅಂತ ಕಲಿಸುತ್ತಾರೆ, ಅದರಲ್ಲಿ ಗುಣಾಕಾರದ ಅಕ್ಷರ ಭಾಗಾಕಾರಕ್ಕಿಂತ ಮುಂಚೆ ಬರುತ್ತದೆ. ಅಕ್ಷರದ ಸರದಿಯೇ ನಿಯಮವಾಗಿದ್ದರೆ ಒಂದೇ ಲೆಕ್ಕಕ್ಕೆ ಅಲ್ಲೊಂದು ಉತ್ತರ ಇಲ್ಲೊಂದು ಉತ್ತರ ಬರಬೇಕಿತ್ತು. ಇದನ್ನು ಆ್ಯಪ್ ಹೇಳಲಿಲ್ಲ, 'ಎಡದಿಂದ ಬಲಕ್ಕೆ' ಅಂತ ಎರಡು ಪದ ಹೇಳಿ ಮುಂದೆ ಹೋಯಿತು. ನಾನೇ ಕೂತು ಯೋಚಿಸಿ ತಿಳಿದುಕೊಂಡೆ.

ಹೇಳಿಕೆ ಲೆಕ್ಕಗಳಿಗೆ ಇದನ್ನು ನಂಬಬೇಡಿ. ಕನ್ನಡದಲ್ಲಿ ಅಚ್ಚಾದ ಲೆಕ್ಕದ ಫೋಟೋ ತೆಗೆದರೆ ಅನುಸ್ವಾರವನ್ನು ಸೊನ್ನೆ ಅಂದುಕೊಂಡು ಏನೇನೋ ಕೂಡಿ ಕಳೆಯುತ್ತದೆ, ಅದನ್ನು ನೋಡಿ ನಕ್ಕದ್ದೇ ಲಾಭ. ಇಂಗ್ಲಿಷ್‌ನಲ್ಲಿ ಕೊಟ್ಟರೆ ಪರವಾಗಿಲ್ಲ, ಅಲ್ಲೂ ಒಂದು ಎಡವಟ್ಟಿದೆ. ಹಳೆಯ ಪ್ರಸಿದ್ಧ ಲೆಕ್ಕವೊಂದಿದೆ: 1128 ಸೈನಿಕರು, ಒಂದು ಬಸ್ಸಿನಲ್ಲಿ 36 ಜನ, ಎಷ್ಟು ಬಸ್ ಬೇಕು? ಭಾಗಿಸಿದರೆ 31, ಶೇಷ 12. 1980ರ ದಶಕದ ಆರಂಭದಲ್ಲಿ ಅಮೆರಿಕದ ಒಂದು ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಇದನ್ನು ಕೇಳಿದಾಗ ಎಷ್ಟೋ ಮಕ್ಕಳು '31, ಶೇಷ 12' ಅಂತಲೇ ಬರೆದಿದ್ದರು. 32 ಅಂತ ಸರಿಯಾಗಿ ಬರೆದವರು ಕಾಲು ಭಾಗಕ್ಕಿಂತ ಕಡಿಮೆ. ಭಾಗಾಕಾರ ಬಂದಿತ್ತು, ಆದರೆ 12 ಜನ ರಸ್ತೆಯಲ್ಲಿ ನಿಂತಿದ್ದಾರೆ ಅನ್ನುವುದು ಕಾಣಲಿಲ್ಲ. ನಮ್ಮ ಆ್ಯಪ್‌ಗೆ ಇದನ್ನೇ ಕೊಟ್ಟೆ. 31.33 ಅಂತ ಉತ್ತರ ಬಂತು! ಮೂವತ್ತೊಂದೂ ಕಾಲು ಚಿಲ್ಲರೆ ಬಸ್. ಅಣ್ಣನ ಮಗ 'ಕೊನೇ ಬಸ್ಸಿಗೆ ಚಕ್ರ ಎಷ್ಟು' ಅಂತ ಕೇಳಿದ.

ಕ್ಯಾಮೆರಾ ಬಗ್ಗೆ ಜಾಸ್ತಿ ಹೇಳಲ್ಲ. ಅಚ್ಚಿನ ಅಂಕಿ ಚೆನ್ನಾಗಿ ಓದುತ್ತದೆ, ಕೈಬರಹದಲ್ಲಿ 1 ಮತ್ತು 7 ಅದಲು ಬದಲು, ಚಿಕ್ಕ ದಶಮಾಂಶ ಬಿಂದು ಮಾಯ. 3.5 ಇದ್ದದ್ದು 35 ಆದರೆ ಹಂತಗಳೆಲ್ಲ ಸರಿ, ಲೆಕ್ಕ ಮಾತ್ರ ಬೇರೆಯವರದ್ದು. ಮೊದಲು ಅದು ಏನು ಓದಿಕೊಂಡಿದೆ ಅಂತ ನೋಡಿ, ಆಮೇಲೆ ಉತ್ತರ ನೋಡಿ.

ಇನ್ನು ಇದನ್ನು ಬಳಸುವುದು ಹೇಗೆ ಅಂತ ನಮ್ಮ ಮನೆಯಲ್ಲಿ ಕೊನೆಗೆ ಒಂದು ಪದ್ಧತಿ ಬಂತು, ಕೇಳಿ. ಹೊಸ ಜಾತಿಯ ಲೆಕ್ಕ ಬಂದಾಗ ಮೊದಲ ಎರಡು ಲೆಕ್ಕವನ್ನು ಪೂರ್ತಿ ಆ್ಯಪ್‌ನಲ್ಲೇ ನೋಡುತ್ತೇವೆ. ಇದು ಸೋಮಾರಿತನ ಅಲ್ಲ. ಬಿಡಿಸಿದ ಲೆಕ್ಕವನ್ನು ಓದಿ ಕಲಿಯುವುದು ಶುರುವಿನಲ್ಲಿ ಸುಮ್ಮನೆ ತಲೆ ಚಚ್ಚಿಕೊಳ್ಳುವುದಕ್ಕಿಂತ ಒಳ್ಳೆಯದು ಅಂತ 1985ರಲ್ಲಿ ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ ಬೀಜಗಣಿತದ ಲೆಕ್ಕಗಳನ್ನೇ ಇಟ್ಟುಕೊಂಡು ತೋರಿಸಿದ್ದಾರೆ. ಆದರೆ ಸ್ವಲ್ಪ ಕಲಿತ ಮೇಲೆ ಅದೇ ಬಿಡಿಸಿದ ಲೆಕ್ಕ ಅಡ್ಡಿಯಾಗುತ್ತದೆ ಅನ್ನುವುದನ್ನೂ ಮುಂದೆ ಸ್ವೆಲ್ಲರ್ ಮತ್ತು ಜೊತೆಯವರೇ ಕಂಡುಕೊಂಡರು. ಆದ್ದರಿಂದ ಮೂರನೇ ಲೆಕ್ಕದಲ್ಲಿ ಕೊನೇ ಹಂತದ ಮೇಲೆ ಒಂದು ಪೋಸ್ಟ್‌ಕಾರ್ಡಿನಷ್ಟು ರಟ್ಟು ಅಡ್ಡ ಇಡುತ್ತೇವೆ, ಅದನ್ನು ಮಕ್ಕಳು ಬರೆಯಬೇಕು. ನಾಲ್ಕನೆಯದರಲ್ಲಿ ಕೊನೇ ಎರಡು. ಐದು ಆರಕ್ಕೆ ಬರುವಾಗ ಮೊಬೈಲ್ ಬೋರಲು.

ಪೂರ್ತಿ ತಾವೇ ಮಾಡಿದ ಮೇಲೆ ಉತ್ತರ ತಪ್ಪಿದ್ದರೆ ಆಗ ಮೊಬೈಲ್ ತೆಗೆದು ಎರಡನ್ನೂ ಪಕ್ಕ ಪಕ್ಕ ಇಟ್ಟು ಮೇಲಿನಿಂದ ಒಂದೊಂದೇ ಸಾಲು ತಾಳೆ ನೋಡುತ್ತೇವೆ. ಯಾವ ಸಾಲಿನಲ್ಲಿ ಮೊದಲು ಬೇರೆಯಾಯಿತೋ ಅಲ್ಲಿ ನಿಲ್ಲುವುದು, ಕೆಳಗೆ ನೋಡುವ ಹಾಗೇ ಇಲ್ಲ. ಆ ಸಾಲಿನಲ್ಲಿ ಏನು ಮಾಡಿದೆ ಅಂತ ಮಗು ಬಾಯಿಬಿಟ್ಟು ಹೇಳಬೇಕು. ಬಗ್ ಸಿಗುವುದು ಇಲ್ಲೇ, ಅವರ ಬಾಯಲ್ಲೇ. ಒಂದು ಎಚ್ಚರ: ಆ್ಯಪ್ ಕೆಲವು ಸಲ ಮೂರು ಕೆಲಸವನ್ನು ಒಂದೇ ಸಾಲಿನಲ್ಲಿ ಮಾಡಿ ಮುಗಿಸುತ್ತದೆ, ಕೆಲವು ಸಲ 2 × 1 = 2 ಅನ್ನುವುದಕ್ಕೂ ಒಂದು ಹಂತ ಕೊಡುತ್ತದೆ. ಹಾಗಾಗಿ ಸಾಲಿಗೆ ಸಾಲು ಕೂರದಿದ್ದರೆ ಮಗುವಿನದ್ದೇ ತಪ್ಪು ಅಂದುಕೊಳ್ಳಬೇಡಿ. ಶಾಲೆಯಲ್ಲಿ ಹೇಳಿಕೊಟ್ಟ ದಾರಿಯೇ ಬೇರೆ ಇರಬಹುದು, ಎರಡೂ ಸರಿ ಇರಬಹುದು.

ಮಕ್ಕಳ ಕೈಗೆ ಕೊಟ್ಟು ನೀವು ಒಳಗೆ ಹೋಗುವ ಹಾಗಿದ್ದರೆ ಐದಕ್ಕೆ ಎರಡು ಸ್ಟಾರ್, ಅದೂ ಕ್ಯಾಮೆರಾಕ್ಕೆ. ಪಕ್ಕದಲ್ಲಿ ಕೂರುವ ದೊಡ್ಡವರೊಬ್ಬರು ಇದ್ದರೆ ನಾಲ್ಕು ಕೊಡುತ್ತೇನೆ, ಯಾಕೆಂದರೆ ಲೆಕ್ಕ ಮರೆತ ನನ್ನಂಥವರಿಗೆ ಇದು ಒಳ್ಳೆಯ ಗೈಡು. ಹಣ ಕೊಟ್ಟು ತೆರೆಯುವ 'ಯಾಕೆ' ಗುಂಡಿಗೆ ಸೊನ್ನೆ, ಅದನ್ನು ಈ ತಿಂಗಳು ನಿಲ್ಲಿಸಿದೆ. ಉಚಿತದ್ದು ಫೋನಿನಲ್ಲಿ ಇದೆ.

ಮೊನ್ನೆ ಮಗಳಿಗೆ 700ರಿಂದ 256 ಕಳೆಯುವ ಲೆಕ್ಕ ಬಂದಿತ್ತು. 444 ಬರೆದಳು, ಮೂರೂ ನಾಲ್ಕೇ ಬಂತಲ್ಲ ಅಂತ ಅನುಮಾನ ಪಟ್ಟು 444ಕ್ಕೆ 256 ಕೂಡಿ ನೋಡಿದಳು. 700 ಬಂತು. ಮೊಬೈಲ್ ಅವಳ ಮೊಣಕೈ ಹತ್ತಿರವೇ ಬಿದ್ದಿತ್ತು, ಮುಟ್ಟಲಿಲ್ಲ.